ಯಾರ ಹೆಬ್ಬೆರಳು

ಮಂಗಳವಾರ, ಮೂರನೇ ಕಾಫಿ ಆರುವ ಹೊತ್ತು,
ಹದಿನಾಲ್ಕು ಹೃದಯಗಳು ಪರದೆಯಲ್ಲಿ ಸಾಲುಗಟ್ಟಿವೆ.
ಕೆಮ್ಮಿಲ್ಲ, ಕುರ್ಚಿ ಎಳೆವ ಸದ್ದಿಲ್ಲ,
ಒದ್ದೆ ಕೊಡೆ ಎಲ್ಲಿಡಲಿ ಎಂದು ಕೇಳುವವರಿಲ್ಲ.
ಸಾಂತಿಯಾಗೊದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ನಾನು, ಬಾಲವಿಲ್ಲದ ಒಂದು ಮೌಸ್,
ಮತ್ತು ಊರೂರಿನ ವೈದ್ಯರು ಕಳಿಸಿದ ಪ್ರಶ್ನೆಗಳು.

ಒಂಬತ್ತನೆಯದು ಕಮರಿನ್ಯಾಸ್ ಕಡಲಂಚಿನದು.
ಡಾಕ್ಟರ್ ಸಬೆಲಾ ಲೆಮಾ ಬರೆಯುತ್ತಾರೆ
(ಕಂಡದ್ದಿಲ್ಲ; ವಿರಾಮಚಿಹ್ನೆ ಹಾಕದವರು ಎಂದಷ್ಟೇ ಗೊತ್ತು):
"ಎರ್ಮಿತಾಸ್ ಅರವತ್ತೆಂಟು ಲೇಸು ಹೆಣೆಯುವಾಕೆ
ಬಿಪಿ ಸರಿ ಸಕ್ಕರೆ ಸರಿ ತಲೆಸುತ್ತಿಲ್ಲ
ಅವಳ ಮಾತಲ್ಲೇ ಹೇಳುವುದಾದರೆ
ಎದೆಯೊಳಗೆ ನೂಲಿನ ಕಡ್ಡಿಯೊಂದು ಕೈತಪ್ಪಿ ಬೀಳುತ್ತದಂತೆ
ಒಂದು ಗಳಿಗೆ ಟಕಟಕ ನಿಲ್ಲುತ್ತದಂತೆ
ಆಮೇಲೆ ಯಾರೋ ಎತ್ತಿಕೊಟ್ಟ ಹಾಗೆ ಮತ್ತೆ ಶುರುವಂತೆ"

ಇಪ್ಪತ್ತೆರಡು ವರ್ಷ ನಾನಿದಕ್ಕೆ ಬಳಸಿದ ಹೆಸರು
ಇದರ ಮುಂದೆ ಒಣ ತರಗೆಲೆ.

ಜೊತೆಗೆ ಇಸಿಜಿಯ ಫೋಟೊ. ಅಲ್ಲಿಯ ಸ್ಕ್ಯಾನರ್ ಕೆಟ್ಟು ಎರಡು ವಾರ.
ಗುಲಾಬಿ ಚೌಕುಳಿಯ ಮೇಲೆ ಶಾಯಿ ನಡೆದ ದಾರಿ,
ಏರು, ಇಳಿ, ಏರು, ಇಳಿ, ಹತ್ತನೆಯದು ಅವಸರದ್ದು, ಅಗಲದ್ದು,
ಆಮೇಲೆ ಒಂದು ನಿಟ್ಟುಸಿರಿನಷ್ಟು ಬಯಲು.
ಬಿದ್ದ ಕಡ್ಡಿ. ಸಿಕ್ಕಿತು.
ಹೋದ ತಿಂಗಳ ಎಕೋ ಕೂಡ ಇದೆ:
ಹೊತ್ತಿಗೆ ತೆರೆದು ಹೊತ್ತಿಗೆ ಮುಚ್ಚುವ ಸದ್ಗೃಹಸ್ಥ ಕವಾಟಗಳು.

ಇಷ್ಟಕ್ಕೇ ಹಿಂದೆ ಮೂರು ತಿಂಗಳು ಕಾಯಿಸುತ್ತಿದ್ದೆವು,
ಆಮೇಲೆ ಎರಡು ಬಸ್ಸು, ಒಂದು ದಿನದ ದುಡಿಮೆ, ಹಬ್ಬದ ಬೂಟು,
ಏಳು ನಿಮಿಷ ನನ್ನೆದುರು ಕೂತು "ಏನಿಲ್ಲಮ್ಮ" ಕೇಳಿಸಿಕೊಂಡು
ಮಧ್ಯಾಹ್ನದ ಬಸ್ಸು ತಪ್ಪಿಸಿಕೊಳ್ಳುವುದು.
ಈಗ ಆ 'ಏನಿಲ್ಲ' ತಾನೇ ಹೊರಟು ಅವರ ಮನೆ ಸೇರುತ್ತದೆ.
ಬರೆದೆ: ಹೆದರಬೇಕಿಲ್ಲ. ಕಾಫಿ ಕಡಿಮೆ. ತಲೆಸುತ್ತಿ ಬಿದ್ದರೆ ತಕ್ಷಣ ತಿಳಿಸಿ.
ರೋಗಿ ಇಲ್ಲಿಗೆ ಬರಬೇಕೆ? 'ಬೇಡ'ದ ಚೌಕದಲ್ಲಿ ಗುರುತು.

ಕಳಿಸುವ ಗುಂಡಿಯ ಮೇಲೆ ಬೆರಳು.
ಆಗ ಕಂಡಿತು ಇನ್ನೊಂದು ಬೆರಳು.

ಫೋಟೊದ ಎಡಮೂಲೆಯಲ್ಲಿ, ಸುರುಳಿಕೊಳ್ಳುವ ಕಾಗದವನ್ನು
ಮೇಜಿಗೆ ಒತ್ತಿಹಿಡಿದ ಹೆಬ್ಬೆರಳು.
ತುದಿ ನಗಾರಿಯ ಕೋಲಿನಂತೆ ಉಬ್ಬಿದೆ,
ಉಗುರು ಗಡಿಯಾರದ ಗಾಜಿನಂತೆ ಬಾಗಿದೆ,
ಅದರಡಿಯ ಬಣ್ಣ ಹಿಪ್ಪುನೇರಳೆ ತಿಂದ ಮಗುವಿನ ನಾಲಗೆ.
ಲೇಸು ಹೆಣೆಯುವ ಬೆರಳಲ್ಲ ಇದು. ಹಗ್ಗ ಉಜ್ಜಿದ ಗಾಯ, ಉಪ್ಪು ಕುಡಿದ ಬಿರುಕು.

ಹಿಗ್ಗಿಸಿದೆ. ಇನ್ನೂ ಹಿಗ್ಗಿಸಿದೆ,
ಚುಕ್ಕಿ ಚುಕ್ಕಿಯಾಗಿ ಬೆರಳು ಒಡೆದುಹೋಗುವವರೆಗೆ.
ನಮೂನೆಯಲ್ಲಿ ಬೆರಳಿಗೆ ಕಾಲಂ ಇಲ್ಲ.
ಕೆಳಗಿನ ಖಾಲಿ ಜಾಗದಲ್ಲಿ ಕೇಳಿದೆ: ಇದು ಯಾರ ಹೆಬ್ಬೆರಳು?

ನಲವತ್ತು ನಿಮಿಷ. ಅಷ್ಟರಲ್ಲಿ ಇಬ್ಬರ ಮಾತ್ರೆ ಬದಲಿಸಿದೆ,
ಒಬ್ಬನಿಗೆ ನಾಳೆಯೇ ಬಾ ಎಂದೆ,
ಮತ್ತೆ ಮತ್ತೆ ಒಂಬತ್ತಕ್ಕೇ ಮರಳಿದೆ.

"ಅವಳ ಗಂಡನದು ಎವರಿಸ್ತೊ ಆಕ್ಟೋಪಸ್ ಹಿಡಿಯುವವ
ಕಾಗದ ನಿಲ್ಲುತ್ತಿರಲಿಲ್ಲ ಸ್ವಲ್ಪ ಹಿಡಿದುಕೊಳ್ಳಿ ಎಂದೆ
ಅವರ ಕಡತವೇ ಇಲ್ಲ ನನ್ನಲ್ಲಿ
ಹೆಂಡತಿಯನ್ನು ಕರೆತಂದು ಬಾಗಿಲಲ್ಲೇ ನಿಲ್ಲುತ್ತಾರೆ
ಕೇಳಿದರೆ ನಾನು ಕಲ್ಲುಗುಂಡು ಅನ್ನುತ್ತಾರೆ
ಯಾಕೆ ಕೇಳಿದಿರಿ"
ಎರಡು ನಿಮಿಷ ಬಿಟ್ಟು, ಮೊದಲ ಸಲ ಪೂರ್ಣವಿರಾಮದೊಡನೆ:
"ಅಯ್ಯೋ. ನಾನು ವರ್ಷಗಟ್ಟಲೆ ಕುಲುಕಿದ ಕೈ."

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ.
ಯಾಕೆಂದರೆ ಅಂಗೈ ಯಾವಾಗಲೂ ಏನನ್ನೋ ಹಿಡಿದುಕೊಂಡಿರುತ್ತದೆ.

ಗುರುವಾರ ಬಂದ. ಎರಡು ಬಸ್ಸು, ಹಬ್ಬದ ಬೂಟು.
ಒದ್ದೆ ಕೊಡೆ ಎಲ್ಲಿಡಲಿ ಎಂದು ಕೇಳಿದ.
ಕಾರಿಡಾರು ದಾಟಿ ಅವನು ಬಂದು ಮುಟ್ಟಿದರೂ
ಉಸಿರು ಇನ್ನೂ ಹಿಂದೆಯೇ ಬರುತ್ತಿತ್ತು.
ಕೂರುವ ಮೊದಲೇ, ತಪ್ಪು ಮಾಡಿದವನಂತೆ:
"ನನ್ನ ಬೆರಳು ಅಡ್ಡ ಬಂದು ಚಿತ್ರ ಕೆಟ್ಟಿತಂತೆ.
ಅವಳದು ಇನ್ನೊಂದು ಸಲ ತೆಗೆಸಬೇಕೇನು?"

ಕೊಡಿ ನೋಡೋಣ ಎಂದು ಕೈ ಚಾಚಿದೆ.
ಅವನದು ಕೋಟಿನ ಜೇಬಿನಲ್ಲೇ ಇತ್ತು.